ನೆಲದೊಡನೆ ಓದಬೇಕಾದ ಕಲ್ಲುಗಳು



ಶ್ರೀರಂಗಪಟ್ಟಣ, ಪಾಂಡವಪುರ, ಕೃಷ್ಣರಾಜಪೇಟೆ, ನಾಗಮಂಗಲ - ಇವು ಮಂಡ್ಯ ಜಿಲ್ಲೆಯಲ್ಲಿ ಒಂದಕ್ಕೊಂದು ಹೊಂದಿಕೊಂಡಿರುವ ನಾಲ್ಕು ತಾಲ್ಲೂಕುಗಳು. ಇವುಗಳ ಹೆಸರು ಹೇಳಿದ ಕೂಡಲೇ ನಿಮ್ಮ ಪಠ್ಯಪುಸ್ತಕದ ಕೆಲವು ಪುಟಗಳು ಕಣ್ಣ ಮುಂದೆ ಬರುತ್ತವೆ. ಶ್ರೀರಂಗಪಟ್ಟಣವೆಂದರೆ ಟಿಪ್ಪು ಸುಲ್ತಾನ್ ಮಡಿದ 1799ನೆಯ ಇಸವಿ. ಪಾಂಡವಪುರವೆಂದರೆ ಮೇಲುಕೋಟೆ, ತೊಣ್ಣೂರು, ರಾಮಾನುಜಾಚಾರ್ಯರು. ಕೃಷ್ಣರಾಜಪೇಟೆ ತಾಲ್ಲೂಕಿನಲ್ಲಿ ಹೊಸಹೊಳಲಿನ ಲಕ್ಷ್ಮೀನಾರಾಯಣ ದೇವಾಲಯ, ಕಿಕ್ಕೇರಿಯ ಬ್ರಹ್ಮೇಶ್ವರ ದೇವಾಲಯ. ನಾಗಮಂಗಲದಲ್ಲಿ ಸೌಮ್ಯಕೇಶವ ದೇವಾಲಯ, ಕಂಬದಹಳ್ಳಿಯ ಪಂಚಕೂಟ ಬಸದಿ. ಇವೆಲ್ಲವನ್ನೂ ಕಾಲಕ್ರಮದಲ್ಲಿ ಜೋಡಿಸಿ ನೋಡಿದರೆ ಒಂದು ಸಂಗತಿ ಗೋಚರವಾಗುತ್ತದೆ. ಅತ್ಯಂತ ಹಳೆಯದೆಂದು ನಾವು ತೋರಿಸುವ ಕಟ್ಟಡಕ್ಕೂ ಹೆಚ್ಚೆಂದರೆ ಸಾವಿರ, ಸಾವಿರದ ನೂರು ವರ್ಷಗಳ ವಯಸ್ಸು.

ಹಾಗಾದರೆ ಅದಕ್ಕೆ ಮುಂಚೆ ಈ ನೆಲದಲ್ಲಿ ಯಾರಿದ್ದರು? ಕಾವೇರಿ ಆಗಲೂ ಹರಿಯುತ್ತಿತ್ತು. ಹೇಮಾವತಿ ಬಂದು ಅದನ್ನು ಸೇರುತ್ತಿತ್ತು. ಲೋಕಪಾವನಿ ನಾಗಮಂಗಲದ ಕಡೆಯಿಂದ ಹರಿದು ಬಂದು ಕರಿಘಟ್ಟದ ಬುಡದಲ್ಲಿ ಕಾವೇರಿಯನ್ನು ಕೂಡುತ್ತಿತ್ತು. ಇಷ್ಟು ನೀರು, ಇಷ್ಟು ಬಯಲು, ಇಷ್ಟು ಬೆಟ್ಟಗುಡ್ಡಗಳಿರುವ ನಾಡು ಬರಿದಾಗಿ ಇದ್ದಿರಲು ಸಾಧ್ಯವಿಲ್ಲ. ಆದರೆ ಆ ಜನ ಶಾಸನ ಬರೆಸಲಿಲ್ಲ. ದೇವಾಲಯ ಕಟ್ಟಿಸಲಿಲ್ಲ. ಅವರು ನಮಗಾಗಿ ಬಿಟ್ಟು ಹೋದದ್ದು ಬಹುಮಟ್ಟಿಗೆ ಕಲ್ಲುಗಳನ್ನು. ಅವುಗಳಲ್ಲಿ ಮುಖ್ಯವಾದವು ಕಲ್ಲುವೃತ್ತಗಳು. ಈ ಕಲ್ಲುವೃತ್ತ ಎಂದರೇನು, ಅದನ್ನು ಅದರ ಸುತ್ತಲಿನ ನೆಲದೊಡನೆ ಸೇರಿಸಿ ಏಕೆ ಓದಬೇಕು ಎಂಬುದೇ ಈ ಹೊತ್ತಿನ ನನ್ನ ವಿಷಯ.

ಮೊದಲು ಅದರ ಸ್ವರೂಪವನ್ನು ತಿಳಿಯೋಣ. ದಕ್ಷಿಣ ಕರ್ನಾಟಕದ ಬಯಲುಸೀಮೆಯಲ್ಲಿ ಓಡಾಡುವವರು ಹೊಲದ ಅಂಚಿನಲ್ಲೋ, ಗುಡ್ಡದ ತಪ್ಪಲಿನ ಕಲ್ಲುಭೂಮಿಯಲ್ಲೋ ಗುಂಡುಕಲ್ಲುಗಳನ್ನು ದುಂಡಗೆ ಜೋಡಿಸಿರುವುದನ್ನು ಕಾಣಬಹುದು. ಅಡ್ಡಳತೆ ಸಾಮಾನ್ಯವಾಗಿ 5ರಿಂದ 10 ಮೀಟರ್. ಕಲ್ಲುಗಳಲ್ಲಿ ಕೆತ್ತನೆಯಿಲ್ಲ, ಬರಹವಿಲ್ಲ. ಅರ್ಧ ಮಣ್ಣಿನಲ್ಲಿ ಹೂತಿರುತ್ತವೆ. ನಡುವೆ ತುಸು ಉಬ್ಬಿದ ದಿಬ್ಬವಿರಬಹುದು. ಕೆಲವು ಕಡೆ ಚಪ್ಪಡಿಯ ತುದಿ ಇಣುಕುತ್ತಿರಬಹುದು. ಕುರಿ ಕೂಡುವ ಹಟ್ಟಿಯ ಅವಶೇಷವೆಂದೋ, ಯಾರೋ ಹೊಲದಿಂದ ಆಯ್ದು ಹಾಕಿದ ಕಲ್ಲುಗಳೆಂದೋ ದಾರಿಹೋಕರು ತಿಳಿದು ಮುಂದೆ ಹೋಗುತ್ತಾರೆ. ಊರ ಬಾಗಿಲಿನ ವೀರಗಲ್ಲಿಗೆ ಕೈಮುಗಿಯುವವರು ಕೂಡ ಇದನ್ನು ತಿರುಗಿ ನೋಡುವುದಿಲ್ಲ. ವೀರಗಲ್ಲಿನಲ್ಲಿ ಕುದುರೆಯಿದೆ, ಖಡ್ಗವಿದೆ, ಅಪ್ಸರೆಯರಿದ್ದಾರೆ. ಇಲ್ಲಿ ಏನೂ ಇಲ್ಲ. ಆದರೆ ವೀರಗಲ್ಲುಗಳಿಗಿಂತ ಸಾವಿರಾರು ವರ್ಷ ಹಿಂದಿನದಾಗಿರಬಹುದಾದ ರಚನೆ ಇದು.

ಇದು ಸಮಾಧಿ. ಪ್ರಾಕ್ತನಶಾಸ್ತ್ರಜ್ಞರು ಇಂಥವನ್ನು ಬೃಹತ್ ಶಿಲಾ ಸಮಾಧಿಗಳೆಂದು ಕರೆಯುತ್ತಾರೆ. ನೆಲದಲ್ಲಿ ಗುಂಡಿ ತೋಡಿ, ಅದರೊಳಗೆ ಕಲ್ಲು ಚಪ್ಪಡಿಗಳಿಂದ ಪೆಟ್ಟಿಗೆಯಂಥ ಕೋಣೆ ಮಾಡಿ, ಸತ್ತವರ ಮೂಳೆಗಳನ್ನೂ ಮಡಕೆ, ಕುಡಿಕೆ, ಆಯುಧಗಳನ್ನೂ ಇರಿಸಿ, ಮೇಲೆ ಮುಚ್ಚುಗಲ್ಲು ಹೊದಿಸುತ್ತಿದ್ದರು. ಅದರ ಮೇಲೆ ಮಣ್ಣು ಮತ್ತು ಜಲ್ಲಿಕಲ್ಲುಗಳ ರಾಶಿ. ಆ ರಾಶಿ ಮಳೆಗೆ ಕೊಚ್ಚಿಹೋಗದಂತೆ, ಕುಸಿಯದಂತೆ ಸುತ್ತಲೂ ದೊಡ್ಡ ಗುಂಡುಕಲ್ಲುಗಳ ಕಟ್ಟು. ಶತಮಾನಗಳ ಮಳೆಗಾಳಿಗೆ ರಾಶಿ ಕರಗಿತು, ಕಟ್ಟು ಉಳಿಯಿತು. ನಾವು ಇಂದು ನೋಡುವ ವೃತ್ತವು ಹೀಗೆ ಇಡೀ ರಚನೆಯ ಒಂದು ಭಾಗ ಮಾತ್ರ, ಉಳಿದದ್ದು ನೆಲದೊಳಗಿದೆ.

ಇದನ್ನು ಓದುವುದು ಹೇಗೆ? ಅದನ್ನು ಅರಿಯಲು ನಾವು ಸ್ವಲ್ಪ ಹೊತ್ತು ಮಂಡ್ಯ ಜಿಲ್ಲೆಯನ್ನು ಬಿಟ್ಟು ಚಿತ್ರದುರ್ಗ ಜಿಲ್ಲೆಯ ಮೊಳಕಾಲ್ಮೂರು ತಾಲ್ಲೂಕಿಗೆ ಹೋಗಬೇಕು. ಅಲ್ಲಿ ಬ್ರಹ್ಮಗಿರಿ ಎಂಬ ಕಲ್ಲುಬೆಟ್ಟವಿದೆ. ಅದರ ತಪ್ಪಲಿನಲ್ಲಿ ಬಿ.ಎಲ್. ರೈಸ್ ಅವರು 1892ರಲ್ಲಿ ಅಶೋಕ ಚಕ್ರವರ್ತಿಯ ಶಾಸನವನ್ನು ಪತ್ತೆಹಚ್ಚಿದರು. ಆ ಶಾಸನದಲ್ಲಿ ಇಸಿಲ ಎಂಬ ಊರಿನ ಹೆಸರಿದೆ. ಅದೇ ಬೆಟ್ಟದ ಬುಡದಲ್ಲಿ ಸುಮಾರು 300 ಬೃಹತ್ ಶಿಲಾ ಸಮಾಧಿಗಳಿವೆ. ಮೈಸೂರು ಪ್ರಾಕ್ತನ ಇಲಾಖೆಯ ನಿರ್ದೇಶಕರಾಗಿದ್ದ ಡಾ. ಎಂ.ಎಚ್. ಕೃಷ್ಣ ಅವರು 1940ರ ದಶಕದ ಆರಂಭದಲ್ಲಿ ಅಲ್ಲಿ ಅಗೆತ ನಡೆಸಿದರು. 1947ರಲ್ಲಿ, ಭಾರತೀಯ ಪುರಾತತ್ವ ಸರ್ವೇಕ್ಷಣದ ಮಹಾನಿರ್ದೇಶಕರಾಗಿದ್ದ ಮಾರ್ಟಿಮರ್ ವೀಲರ್ ಅವರು ಮತ್ತೆ ಉತ್ಖನನ ಕೈಗೊಂಡರು.

ವೀಲರ್ ಅವರು ಮಾಡಿದ ಮುಖ್ಯ ಕೆಲಸವೆಂದರೆ ಸಮಾಧಿಗಳನ್ನು ಮಾತ್ರ ತೆರೆಯದೆ, ಪಕ್ಕದಲ್ಲೇ ಇದ್ದ ಹಳೆಯ ಊರಿನ ನೆಲೆಯನ್ನೂ ಅಗೆದದ್ದು. ಊರೆಂದರೆ ಪದರ ಪದರವಾಗಿ ಬೆಳೆಯುವಂಥದು. ಹಳೆಯ ಮನೆ ಬಿದ್ದ ಜಾಗದ ಮೇಲೆ ಹೊಸ ಮನೆ, ಹಳೆಯ ಕಸದ ಮೇಲೆ ಹೊಸ ಕಸ. ಹೀಗಾಗಿ ಕೆಳಗಿನ ಪದರ ಹಳೆಯದು, ಮೇಲಿನದು ಹೊಸದು. ಬ್ರಹ್ಮಗಿರಿಯಲ್ಲಿ ಎಲ್ಲಕ್ಕಿಂತ ಕೆಳಗೆ ಉಜ್ಜಿ ನಯಗೊಳಿಸಿದ ಕಲ್ಲುಕೊಡಲಿಗಳ ಜನರ ಪದರ ಸಿಕ್ಕಿತು. ಅದರ ಮೇಲೆ ಕಬ್ಬಿಣ ಬಳಸುತ್ತಿದ್ದ ಜನರ ಪದರ. ಅದಕ್ಕೂ ಮೇಲೆ ಶಾತವಾಹನರ ಕಾಲದ ಪದರ. ಸಮಾಧಿಗಳಲ್ಲಿ ದೊರೆತ ಕಪ್ಪು-ಕೆಂಪು ಮಡಕೆಗಳೂ ಊರಿನ ನಡುವಣ ಪದರದ ಮಡಕೆಗಳೂ ಒಂದೇ ಬಗೆಯವು. ಅಂದರೆ ಆ ಊರಿನಲ್ಲಿ ಬಾಳಿದವರೇ ಈ ಸಮಾಧಿಗಳಲ್ಲಿ ಮಲಗಿದವರು. ಗೋರಿಯೊಂದನ್ನು ಮಾತ್ರ ತೆರೆದಿದ್ದರೆ ಈ ಸಂಬಂಧ ತಿಳಿಯುತ್ತಿರಲಿಲ್ಲ.

ಕಪ್ಪು-ಕೆಂಪು ಮಡಕೆ ಎಂದೆನಲ್ಲ, ಅದರ ವಿಚಾರವನ್ನೂ ತುಸು ಹೇಳಬೇಕು. ಈ ಮಡಕೆಗಳ ಒಳಭಾಗ ಮತ್ತು ಬಾಯಂಚು ಕಪ್ಪು, ಹೊರಮೈ ಕೆಂಪು. ಬಣ್ಣ ಬಳಿದು ಹೀಗೆ ಮಾಡಿದ್ದಲ್ಲ. ಆವಿಗೆಯಲ್ಲಿ ಮಡಕೆಯನ್ನು ಬೋರಲಾಗಿ ಇಟ್ಟು ಸುಟ್ಟಾಗ ಒಳಗಡೆಗೆ ಗಾಳಿ ಸೋಕುವುದಿಲ್ಲ; ಅಲ್ಲಿ ಕಪ್ಪಾಗುತ್ತದೆ. ಹೊರಮೈಗೆ ಗಾಳಿ ತಗಲುತ್ತದೆ. ಮಣ್ಣಿನಲ್ಲಿರುವ ಕಬ್ಬಿಣದ ಅಂಶ ಕೆಂಪಾಗುತ್ತದೆ ಎಂಬುದು ವಿದ್ವಾಂಸರು ಸಾಮಾನ್ಯವಾಗಿ ಕೊಡುವ ವಿವರಣೆ. ರಸಾಯನಶಾಸ್ತ್ರದ ಪಾಠದಲ್ಲಿ ನೀವು ಓದುವ ಉತ್ಕರ್ಷಣ ಮತ್ತು ಅಪಕರ್ಷಣ ಕ್ರಿಯೆಗಳು ಒಂದೇ ಮಡಕೆಯ ಎರಡು ಮುಖಗಳಲ್ಲಿ ಕಾಣುತ್ತವೆ. ಅಕ್ಷರ ಬಾರದ ಕುಂಬಾರನಿಗೆ ಬೆಂಕಿಯ ಸ್ವಭಾವ ಎಷ್ಟು ಚೆನ್ನಾಗಿ ತಿಳಿದಿತ್ತೆಂಬುದಕ್ಕೆ ಬೇರೆ ಸಾಕ್ಷಿ ಬೇಕೆ?

ಸಮಾಧಿಯ ಕೋಣೆಗಳ ರಚನೆಯಲ್ಲೂ ಇಂಥದೇ ಜಾಣ್ಮೆಯಿದೆ. ನಾಲ್ಕು ಚಪ್ಪಡಿಗಳನ್ನು ನೆಟ್ಟಗೆ ನಿಲ್ಲಿಸುವಾಗ ಒಂದೊಂದರ ಅಂಚು ಪಕ್ಕದ್ದನ್ನು ದಾಟಿ ಮುಂದೆ ಬರುವಂತೆ, ಮೇಲಿನಿಂದ ನೋಡಿದರೆ ಸ್ವಸ್ತಿಕದ ಆಕಾರ ಕಾಣುವಂತೆ ಇರಿಸಿದ್ದಾರೆ. ಹೊರಗಿನ ಮಣ್ಣು ಒತ್ತಿದಷ್ಟೂ ಚಪ್ಪಡಿಗಳು ಒಂದನ್ನೊಂದು ಬಿಗಿಯಾಗಿ ಹಿಡಿಯುತ್ತವೆ. ಗಾರೆಯಿಲ್ಲ, ಮೊಳೆಯಿಲ್ಲ. ಪೂರ್ವ ದಿಕ್ಕಿನ ಚಪ್ಪಡಿಯಲ್ಲಿ ದುಂಡನೆಯ ಒಂದು ಕಿಂಡಿ. ಒಂದೇ ಕೋಣೆಯಲ್ಲಿ ಹಲವರ ಬಿಡಿ ಮೂಳೆಗಳು ದೊರೆತಿವೆ. ದೇಹವನ್ನು ಮೊದಲು ಬೇರೆಡೆ ಇಟ್ಟು, ಆಮೇಲೆ ಮೂಳೆಗಳನ್ನು ಆಯ್ದು ತಂದು ಇಲ್ಲಿ ಸೇರಿಸುತ್ತಿದ್ದರೆಂದು ವೀಲರ್ ಊಹಿಸಿದರು. ಜೊತೆಗೆ ಕುಡುಗೋಲು, ಚೂರಿ, ಬಾಣದ ಮೊನೆ ಮುಂತಾದ ಕಬ್ಬಿಣದ ವಸ್ತುಗಳು ಮತ್ತು ಮಣಿಗಳು ಇದ್ದವು. ಕುಡುಗೋಲು ಇದೆಯೆಂದ ಮೇಲೆ ಕೊಯ್ಲು ಇತ್ತು. ಕೊಯ್ಲಿದ್ದ ಮೇಲೆ ಬೆಳೆ ಇತ್ತು.

ಇನ್ನು ಕಾಲದ ಪ್ರಶ್ನೆ. ಈ ಸಂಸ್ಕೃತಿ ಕ್ರಿ.ಪೂ. 200ರ ಸುಮಾರಿಗೆ ಆರಂಭವಾಯಿತೆಂದು ವೀಲರ್ ಲೆಕ್ಕ ಹಾಕಿದರು. ಆಗಿನ್ನೂ ಇಂಗಾಲದ ಕಾಲಮಾಪನ ಪದ್ಧತಿ ಬಳಕೆಗೆ ಬಂದಿರಲಿಲ್ಲ. ಸತ್ತ ಜೀವಿಯಲ್ಲಿರುವ ಇಂಗಾಲ-14 ಸುಮಾರು 5730 ವರ್ಷಗಳಿಗೆ ಅರ್ಧದಷ್ಟಾಗುತ್ತದೆ. ಎಷ್ಟು ಉಳಿದಿದೆಯೆಂದು ಅಳೆದರೆ ಎಷ್ಟು ಕಾಲವಾಯಿತೆಂದು ಹೇಳಬಹುದು. 1965ರಲ್ಲಿ ಎಂ.ಎಸ್. ನಾಗರಾಜರಾವ್ ಅವರು ಹಾವೇರಿ ಜಿಲ್ಲೆಯಲ್ಲಿ, ತುಂಗಭದ್ರೆಯ ದಂಡೆಯ ಹಳ್ಳೂರಿನಲ್ಲಿ ಅಗೆತ ನಡೆಸಿದರು. ಅಲ್ಲಿ ಕಬ್ಬಿಣ ದೊರೆತ ಪದರದ ಇದ್ದಿಲನ್ನು ಹೀಗೆ ಪರೀಕ್ಷಿಸಿದಾಗ ಕಾಲ ಕ್ರಿ.ಪೂ. 1000ದ ಆಸುಪಾಸಿಗೆ ಹೋಯಿತು. ಒಂದು ಹಿಡಿ ಇದ್ದಿಲು ದಕ್ಷಿಣ ಭಾರತದ ಕಬ್ಬಿಣಯುಗವನ್ನು ಹಲವು ಶತಮಾನ ಹಿಂದಕ್ಕೆ ತಳ್ಳಿತು. ಇಲ್ಲಿ ಒಂದು ಮಾತನ್ನು ಮನಸ್ಸಿನಲ್ಲಿಟ್ಟುಕೊಳ್ಳಿ. ಆ ಇದ್ದಿಲಿಗೆ ಬೆಲೆ ಬಂದದ್ದು ಅದು ಯಾವ ಪದರದಲ್ಲಿ, ಯಾವ ವಸ್ತುವಿನ ಪಕ್ಕದಲ್ಲಿ ಇತ್ತು ಎಂಬುದು ಗೊತ್ತಿದ್ದರಿಂದ. ಅದೇ ಇದ್ದಿಲನ್ನು ಯಾರೋ ಅಗೆದು ಹೊರಗೆ ಚೆಲ್ಲಿದ್ದರೆ ಅದು ಒಲೆಯ ಇದ್ದಿಲಿಗೆ ಸಮ.

ವಸ್ತುವಿಗಿಂತ ವಸ್ತುವಿರುವ ಜಾಗ ಮುಖ್ಯ ಎಂಬ ಈ ಸೂತ್ರವನ್ನು ಹಿಡಿದುಕೊಂಡು ಈಗ ಮಂಡ್ಯ ಜಿಲ್ಲೆಗೆ ಹಿಂತಿರುಗೋಣ. ಕಲ್ಲುವೃತ್ತದ ಒಳಗಿರುವುದನ್ನು ತಜ್ಞರು ಮಾತ್ರ ಓದಬಲ್ಲರು. ಆದರೆ ಅದರ ಹೊರಗಿರುವುದನ್ನು, ಎಂದರೆ ಸುತ್ತಲಿನ ನೆಲವನ್ನು, ನೀವೂ ಓದಬಹುದು. ಹೀಗೆ ಓದುವಾಗ ನಾಲ್ಕು ಸಂಗತಿಗಳನ್ನು ಗಮನಿಸಬೇಕು - ಬಂಡೆ, ನೀರು, ಬೇಸಾಯದ ಭೂಮಿ, ದೃಷ್ಟಿ.

ಮೊದಲನೆಯದು ಬಂಡೆ. ಪಾಂಡವಪುರದ ಕುಂತಿಬೆಟ್ಟ, ಮೇಲುಕೋಟೆಯ ಬೆಟ್ಟ, ಕೃಷ್ಣರಾಜಪೇಟೆ ತಾಲ್ಲೂಕಿನ ನಾರಾಯಣದುರ್ಗ ಇವೆಲ್ಲ ಗಟ್ಟಿ ಶಿಲೆಯ ಬೆಟ್ಟಗಳು. ಈ ಭಾಗದ ತಳಶಿಲೆಗೆ ಸುಮಾರು 300 ಕೋಟಿ ವರ್ಷಗಳ ವಯಸ್ಸು. ಹಗಲು ಕಾದು ರಾತ್ರಿ ತಣಿದು ಇಂಥ ಬಂಡೆಗಳ ಮೈ ಈರುಳ್ಳಿಯ ಸಿಪ್ಪೆಯಂತೆ ಪದರ ಪದರವಾಗಿ ಬಿಡುತ್ತದೆ. ಚಪ್ಪಡಿಯನ್ನು ಪ್ರಕೃತಿಯೇ ಅರ್ಧ ಸಿದ್ಧಮಾಡಿ ಕೊಟ್ಟಂತಾಯಿತು. ಉಳಿದರ್ಧಕ್ಕೆ ಬೆಂಕಿ ಸಾಕು. ಬಂಡೆಯ ಮೇಲೆ ಸೌದೆ ಉರಿಸಿ, ಉರಿಯನ್ನು ನಿಧಾನವಾಗಿ ಮುಂದಕ್ಕೆ ಸರಿಸುತ್ತಾ ಅಗಲವಾದ ಚಪ್ಪಡಿಯನ್ನು ಎಬ್ಬಿಸುವ ವಿದ್ಯೆ 19ನೆಯ ಶತಮಾನದ ಕೊನೆಯವರೆಗೂ ಬೆಂಗಳೂರಿನ ಸುತ್ತಿನ ಕಲ್ಲುಕೆಲಸದವರಲ್ಲಿ ಇದ್ದದ್ದು ದಾಖಲಾಗಿದೆ.

ಇಲ್ಲಿ ಒಂದು ಸಣ್ಣ ಲೆಕ್ಕ ಮಾಡೋಣ. 2 ಮೀಟರ್ ಉದ್ದ, ಒಂದೂವರೆ ಮೀಟರ್ ಅಗಲ, 15 ಸೆಂಟಿಮೀಟರ್ ದಪ್ಪದ ಚಪ್ಪಡಿಯನ್ನು ತೆಗೆದುಕೊಳ್ಳಿ. ಗಾತ್ರ 0.45 ಘನಮೀಟರ್. ಇಂಥ ಕಲ್ಲು ನೀರಿಗಿಂತ ಸುಮಾರು 2.7 ಪಟ್ಟು ಭಾರ. ಆದ್ದರಿಂದ ತೂಕ ಸುಮಾರು 1,200 ಕಿಲೋ. ಒಬ್ಬೊಬ್ಬರು 50 ಕಿಲೋ ಹೊತ್ತರೂ 24 ಜನ ಬೇಕು. ಒಂದು ಕೋಣೆಗೆ ಸುತ್ತ ನಾಲ್ಕು, ತಳಕ್ಕೊಂದು, ಮುಚ್ಚಲು ಒಂದು - ಆರು ಚಪ್ಪಡಿ. ಆಮೇಲೆ ಸುತ್ತುಗಲ್ಲುಗಳು. ಒಬ್ಬರ ಸಾವಿಗೆ ಇಡೀ ಊರು ಹೆಗಲು ಕೊಡಬೇಕಾಗುತ್ತಿತ್ತು. ಕೆಲಸಕ್ಕೆ ಬಂದವರಿಗೆಲ್ಲ ಊಟ ಹಾಕಲು ಕಣಜದಲ್ಲಿ ಧಾನ್ಯವಿರಬೇಕಿತ್ತು. ಕೆಲಸ ಹಂಚುವ ಯಜಮಾನನಿರಬೇಕಿತ್ತು. ಎಲ್ಲರಿಗೂ ಈ ಭಾಗ್ಯ ಇದ್ದಿತೆಂದು ತಿಳಿಯಬೇಡಿ. ಬ್ರಹ್ಮಗಿರಿಯ 300 ಸಮಾಧಿಗಳನ್ನು ಕೆಲವು ಶತಮಾನಗಳಿಗೆ ಹಂಚಿದರೆ ವರ್ಷಕ್ಕೆ ಒಂದರಂತೆಯೂ ಬರುವುದು ಕಷ್ಟ. ಊರಿನ ಸಾವುಗಳಾದರೋ ಅದಕ್ಕಿಂತ ಹೆಚ್ಚೇ ಇದ್ದಿರಬೇಕು. ಒಂದೊಂದರಲ್ಲಿ ಹಲವರಿದ್ದರೂ ಕಲ್ಲಿನ ಮನೆ ದೊರೆತದ್ದು ಊರಿನ ಕೆಲವರಿಗೆ ಮಾತ್ರ. ಬದುಕಿದ್ದಾಗಿನ ಮೇಲು ಕೀಳು ಸಾವಿನಲ್ಲೂ ಮುಂದುವರಿದಿತ್ತು.

ಎರಡನೆಯದು ನೀರು. ಕೊಪ್ಪಳ ಜಿಲ್ಲೆಯ ಹಿರೇಬೆಣಕಲ್ಲಿನ ಬೆಟ್ಟದ ಮೇಲೆ ಸುಮಾರು 400 ಶಿಲಾ ಸಮಾಧಿಗಳಿವೆ. ಅವುಗಳ ನಡುವೆ ನೀರು ನಿಲ್ಲುವ ಹೊಂಡವೊಂದಿದೆ. ಸಮಾಧಿಗಳಿಗೆ ಚಪ್ಪಡಿ ತೆಗೆದ ಜಾಗವೇ ನೀರಿನ ಹೊಂಡವಾಗಿರಬೇಕೆಂಬುದು ವಿದ್ವಾಂಸರ ಅಭಿಪ್ರಾಯ. ಸತ್ತವರಿಗೆ ಕಲ್ಲು, ಬದುಕಿದವರಿಗೆ ನೀರು - ಒಂದೇ ಶ್ರಮದಿಂದ ಎರಡು ಪ್ರಯೋಜನ. ಆ ನೆಲೆಯನ್ನು 2021ರಲ್ಲಿ ಯುನೆಸ್ಕೋದ ವಿಶ್ವ ಪರಂಪರೆಯ ತಾತ್ಕಾಲಿಕ ಪಟ್ಟಿಗೆ ಸೇರಿಸಲಾಯಿತು. ಇದನ್ನು ತಿಳಿದವರು ತೊಣ್ಣೂರು ಕೆರೆಯ ಏರಿಯ ಮೇಲೆ ನಿಂತರೆ ಆ ನೋಟವೇ ಬೇರೆಯಾಗಿ ಕಾಣುತ್ತದೆ. ಎರಡು ಬದಿಗೆ ಕಲ್ಲುಗುಡ್ಡ, ನಡುವೆ ತಡೆದು ನಿಲ್ಲಿಸಿದ ನೀರು, ಕೆಳಗೆ ಗದ್ದೆ. ಕೆರೆ ಬಹಳ ಈಚಿನದು. ಆದರೆ ಬಂಡೆಯ ಮೇಲೆ ಬಿದ್ದ ಮಳೆ ಒಂದೇ ಕಡೆ ಹರಿದು ಬರುತ್ತದೆ, ಅಲ್ಲಿ ನೀರು ನಿಲ್ಲುತ್ತದೆ ಎಂಬ ಅರಿವು ಕೆರೆಗಿಂತ ಹಳೆಯದು.

ಮೂರನೆಯದು ಬೇಸಾಯದ ಭೂಮಿ. ಶ್ರೀರಂಗಪಟ್ಟಣದಿಂದ ಕಾವೇರಿ ಹರಿದು ಹೋಗುವ ದಾರಿಯಲ್ಲಿ, ಕಬಿನಿ ಬಂದು ಸೇರುವ ತಿರುಮಕೂಡಲು ನರಸೀಪುರದಲ್ಲಿ ಪ್ರೊ. ಎಂ. ಶೇಷಾದ್ರಿ ಅವರ ನೇತೃತ್ವದಲ್ಲಿ 1960ರ ದಶಕದಲ್ಲಿ ಉತ್ಖನನ ನಡೆಯಿತು. ಕಬ್ಬಿಣಕ್ಕೂ ಮುಂಚಿನ ನವಶಿಲಾಯುಗದ ಜನ ಈ ನದೀತೀರದಲ್ಲಿ ನೆಲೆಸಿದ್ದರೆಂಬುದು ಅಲ್ಲಿ ಸಿದ್ಧವಾಯಿತು. ದಕ್ಷಿಣದ ನವಶಿಲಾಯುಗದ ನೆಲೆಗಳಲ್ಲಿ ಸುಟ್ಟು ಕರಕಾಗಿ ಉಳಿದ ಕಾಳುಗಳನ್ನು ಸಸ್ಯವಿಜ್ಞಾನದ ನೆರವಿನಿಂದ ಗುರುತಿಸಿದಾಗ ಹುರುಳಿ, ಹೆಸರು, ಕೊರಲೆ ಮೊದಲಾದವು ಕಂಡುಬಂದವು. ಇಂದಿಗೂ ಮಂಡ್ಯದ ಮನೆಗಳಲ್ಲಿ ಹುರುಳಿಕಾಳಿನ ಸಾರು ಕುದಿಯುತ್ತದೆ. ನಾಲ್ಕು ಸಾವಿರ ವರ್ಷಗಳ ಹಿಂದಿನ ಒಲೆಗೂ ನಿಮ್ಮ ಮನೆಯ ಒಲೆಗೂ ನಡುವೆ ಒಂದು ಕಾಳಿನ ನಂಟು ಇದೆ ಎಂದರೆ ಅದು ಅತಿಶಯೋಕ್ತಿಯಲ್ಲ. ಮುಂದೆ ಕಬ್ಬಿಣ ಬಂದಾಗ ಕಾಡು ಕಡಿಯುವುದೂ ನೆಲ ಕೆದಕುವುದೂ ಸುಲಭವಾಯಿತು. ಹೊಳೆಗಳು ತರುವ ಕಪ್ಪು ಮರಳನ್ನು ಕರಗಿಸಿ ಕಬ್ಬಿಣ ತೆಗೆಯುತ್ತಿದ್ದುದನ್ನು ಮೈಸೂರು ಸೀಮೆಯಲ್ಲಿ 1800ರಲ್ಲಿ ಸಂಚರಿಸಿದ ಫ್ರಾನ್ಸಿಸ್ ಬುಕಾನನ್ ಬರೆದಿಟ್ಟಿದ್ದಾರೆ. ಅಂದರೆ ಕಬ್ಬಿಣಕ್ಕಾಗಿ ಈ ನಾಡಿನವರು ದೂರದ ಗಣಿಗಳನ್ನೇ ನಂಬಿ ಕೂರಬೇಕಿರಲಿಲ್ಲ.

ನಾಲ್ಕನೆಯದು ದೃಷ್ಟಿ. ವೃತ್ತದ ಬಳಿ ನಿಂತು ಸುತ್ತ ನೋಡಬೇಕು. ಯಾವ ಬೆಟ್ಟ ಕಾಣುತ್ತದೆ? ನೀರು ಎಷ್ಟು ದೂರ? ಇಂಥ ಸಮಾಧಿಗಳನ್ನು ಸಾಮಾನ್ಯವಾಗಿ ಒಳ್ಳೆಯ ಎರೆಮಣ್ಣಿನ ನಡುವೆ ಮಾಡದೆ, ಬೆಟ್ಟದ ಬುಡದ ಕಲ್ಲುಗೊರಕಲಿನ ಎತ್ತರದಲ್ಲಿ ಮಾಡಿರುವುದು ಕಂಡುಬರುತ್ತದೆ. ಬಿತ್ತುವ ಭೂಮಿಯನ್ನು ಬಿತ್ತುವುದಕ್ಕೇ ಉಳಿಸಿ, ಬಿತ್ತಲಾಗದ ಭೂಮಿಯನ್ನು ಹಿರಿಯರಿಗೆ ಮೀಸಲಿಟ್ಟರು. ಹೊಲದಲ್ಲಿ ದುಡಿಯುವವರ ಕಣ್ಣಿಗೆ ಹಿರಿಯರ ನೆಲೆ ಸದಾ ಬೀಳುತ್ತಿತ್ತು. ಈ ಹೊಲ ನಮ್ಮದು, ನಮ್ಮ ಹಿರಿಯರು ಇಲ್ಲೇ ಇದ್ದಾರೆ ಎಂದು ಹೇಳಲು ಅಕ್ಷರ ಬಾರದ ಕಾಲದಲ್ಲಿ ಇದಕ್ಕಿಂತ ಗಟ್ಟಿಯಾದ ಹಕ್ಕುಪತ್ರ ಇನ್ನೊಂದಿರಲಾರದು.

ಮಿತ್ರರೆ, ಕಲ್ಲುವೃತ್ತಗಳು ನಮ್ಮಲ್ಲಿ ಮಾತ್ರ ಇಲ್ಲ. ಇಂಗ್ಲೆಂಡಿನ ಸ್ಟೋನ್‌ಹೆಂಜ್ ಹೆಸರನ್ನು ನೀವು ಕೇಳಿದ್ದೀರಿ. ಅದರ ಆರಂಭ ಸುಮಾರು 5000 ವರ್ಷಗಳ ಹಿಂದೆ. ಅದರ ಉದ್ದೇಶ, ರಚನೆ ಎರಡೂ ನಮ್ಮವಕ್ಕಿಂತ ಭಿನ್ನ. ನಮ್ಮವಕ್ಕೆ ಹೆಚ್ಚು ಹತ್ತಿರವಾದವು ಪಶ್ಚಿಮ ಆಫ್ರಿಕದ ಸೆನೆಗಲ್ ಮತ್ತು ಗ್ಯಾಂಬಿಯ ದೇಶಗಳಲ್ಲಿವೆ. ಅಲ್ಲಿ ಗ್ಯಾಂಬಿಯ ನದಿಯ ಉದ್ದಕ್ಕೂ ಸಾವಿರಕ್ಕೂ ಹೆಚ್ಚು ರಚನೆಗಳಿವೆ. ಅವೂ ಸಮಾಧಿಗಳೊಡನೆ ಸಂಬಂಧ ಉಳ್ಳವು. ಅವುಗಳ ಕಂಬಗಳನ್ನೂ ಕಬ್ಬಿಣದ ಉಪಕರಣಗಳಿಂದಲೇ ಕೆತ್ತಿದರು. 2006ರಲ್ಲಿ ಅವು ವಿಶ್ವ ಪರಂಪರೆಯ ಪಟ್ಟಿಗೆ ಸೇರಿದವು. ಒಂದರಿಂದ ಇನ್ನೊಂದು ಹುಟ್ಟಿತೆಂದು ಹೇಳಲು ಆಧಾರವಿಲ್ಲ. ಸಾವು ಎಲ್ಲರಿಗೂ ಒಂದೇ; ಕಲ್ಲು ಎಲ್ಲಕ್ಕಿಂತ ಹೆಚ್ಚು ಕಾಲ ಬಾಳುತ್ತದೆಂಬ ತಿಳಿವಳಿಕೆಯೂ ಎಲ್ಲ ಕಡೆ ಒಂದೇ.

ನಮ್ಮ ಹಳ್ಳಿಯ ಜನ ಈ ಕಲ್ಲುಗಳನ್ನು ಹೇಗೆ ಅರ್ಥ ಮಾಡಿಕೊಂಡರು? ಕರ್ನಾಟಕದ ಅನೇಕ ಕಡೆ ಇವಕ್ಕೆ ಪಾಂಡವರ ಮನೆ, ಮೋರ್ಯರ ಮನೆ ಎಂಬ ಹೆಸರುಗಳಿವೆ. ಮೋರ್ಯರೆಂದರೆ ಕುಳ್ಳ ದೇಹದ, ಆದರೆ ಭಾರಿ ಬಲವಿದ್ದ ಹಿಂದಿನ ಕಾಲದ ಜನರಂತೆ. ಪಾಂಡವಪುರದಲ್ಲಂತೂ ಊರಿನ ಹೆಸರೇ ಪಾಂಡವರದು. ವನವಾಸದಲ್ಲಿ ಕುಂತಿಯೂ ಪಾಂಡವರೂ ಬೆಟ್ಟದಲ್ಲಿ ತಂಗಿದ್ದರೆಂದು ಸ್ಥಳಪುರಾಣ. ಅದೇ ಊರಿಗೆ ಹಿರೋಡೆ ಎಂಬ ಹೆಸರಿತ್ತು. ಹೈದರ್ ಮತ್ತು ಟಿಪ್ಪುವಿನ ನೆರವಿಗೆ ಬಂದ ಫ್ರೆಂಚ್ ಪಡೆ ಬೀಡುಬಿಟ್ಟಿದ್ದರಿಂದ ಫ್ರೆಂಚ್ ರಾಕ್ಸ್ ಎಂಬ ಹೆಸರೂ ಬಂತು. ಒಂದೇ ಬಂಡೆಗೆ ಒಂದೊಂದು ಕಾಲದವರು ಒಂದೊಂದು ಹೆಸರಿಟ್ಟರು. ಪಾಂಡವರ ಕಥೆಯನ್ನು ಇತಿಹಾಸವೆಂದು ಹಿಡಿಯಬೇಕಿಲ್ಲ, ಮೂಢನಂಬಿಕೆಯೆಂದು ತಳ್ಳಲೂಬೇಕಿಲ್ಲ. ಇದು ನಮ್ಮ ಕಾಲದ್ದಲ್ಲ, ನಮಗಿಂತ ಹಿಂದಿನವರದು, ಮುಟ್ಟಬಾರದು ಎಂಬ ತಿಳಿವಳಿಕೆ ಆ ಹೆಸರಿನೊಳಗೆ ಅಡಗಿದೆ. ಎಷ್ಟೋ ಕಡೆ ಕಾನೂನಿಗಿಂತ ಮುಂಚೆ ಕಲ್ಲುಗಳನ್ನು ಕಾಪಾಡಿದ್ದು ಇಂಥ ಕಥೆಗಳೇ.

ಆದರೆ ಕಥೆಯ ಕಾವಲು ಈಗ ಸಡಿಲವಾಗಿದೆ. ಕಲ್ಲುವೃತ್ತಗಳಿಗೆ ಇಂದು ಮೂರು ಕಡೆಯಿಂದ ಅಪಾಯ.

ಒಂದು, ಭೂಮಿಯನ್ನು ಸಮತಟ್ಟು ಮಾಡುವ ಕೆಲಸ. 1911ರಲ್ಲಿ ಆರಂಭವಾದ ಕೃಷ್ಣರಾಜಸಾಗರದ ಅಣೆಕಟ್ಟೆ ಮತ್ತು ಅದರ ನಾಲೆಗಳು ಮಂಡ್ಯ ಜಿಲ್ಲೆಯ ಬದುಕನ್ನೇ ಬದಲಿಸಿದವು. ಒಣಭೂಮಿ ಕಬ್ಬು, ಭತ್ತದ ಗದ್ದೆಯಾಯಿತು. ಇದು ರೈತರ ಬೆವರಿನ ಫಲ, ಯಾರೂ ಆಕ್ಷೇಪಿಸುವಂತಿಲ್ಲ. ಆದರೆ ನೀರು ನಿಲ್ಲಿಸಲು ನೆಲ ಮಟ್ಟವಾಗಬೇಕು. ಮಟ್ಟ ಮಾಡುವ ಯಂತ್ರದ ಕಣ್ಣಿಗೆ ಮೂರು ಸಾವಿರ ವರ್ಷದ ಕಲ್ಲೂ ಒಂದೇ, ನಿನ್ನೆ ಉರುಳಿದ ಕಲ್ಲೂ ಒಂದೇ. ಎತ್ತಿನ ನೇಗಿಲು ದೊಡ್ಡ ಕಲ್ಲನ್ನು ಬಳಸಿಕೊಂಡು ಹೋಗುತ್ತಿತ್ತು. ಯಂತ್ರ ಅದನ್ನು ಎತ್ತಿ ಬದುವಿಗೆ ಹಾಕುತ್ತದೆ.

ಎರಡು, ಕಲ್ಲುಗಣಿ. ಸಮಾಧಿಗಳಿರುವುದು ಬಂಡೆಯ ಬಳಿ. ಗಣಿಗಾರನಿಗೆ ಬೇಕಾದದ್ದೂ ಅದೇ ಬಂಡೆ. ಪಾಂಡವಪುರದ ಬೇಬಿಬೆಟ್ಟದ ಕಲ್ಲುಗಣಿಗಳ ವಿಚಾರ ಪತ್ರಿಕೆಗಳಲ್ಲಿ ಬಹಳ ಚರ್ಚೆಯಾಯಿತು. ಕೃಷ್ಣರಾಜಸಾಗರದ ಸುತ್ತ 20 ಕಿಲೋಮೀಟರ್ ವ್ಯಾಪ್ತಿಯಲ್ಲಿ ಗಣಿಗಾರಿಕೆಗೆ ಕರ್ನಾಟಕ ಹೈಕೋರ್ಟ್ 2024ರ ಜನವರಿಯಲ್ಲಿ ತಡೆ ವಿಧಿಸಿತು. ಅಣೆಕಟ್ಟೆಯ ಸುರಕ್ಷತೆ ಆ ಆದೇಶದ ಕಾರಣ. ಅಣೆಕಟ್ಟೆಗೆ ಅಪಾಯವಾದರೆ ಕೂಗು ಎದ್ದೇಳುತ್ತದೆ. ಕಲ್ಲುವೃತ್ತದ ಪರವಾಗಿ ಕೂಗುವವರು ಯಾರು?

ಮೂರು, ನಿಧಿಯ ಆಸೆ. ದಿಬ್ಬದೊಳಗೆ ಕೊಪ್ಪರಿಗೆ ಹೊನ್ನಿದೆಯೆಂದು ರಾತ್ರಿ ಅಗೆಯುವವರಿದ್ದಾರೆ. ಅವರಿಗೆ ಸಿಗುವುದು ಮಡಕೆಯ ಚೂರು, ತುಕ್ಕು ಹಿಡಿದ ಕಬ್ಬಿಣ, ಮೂಳೆಯ ತುಂಡು. ಸಿಟ್ಟಿನಿಂದ ಅವನ್ನು ಒಡೆದು ಎಸೆದು ಹೋಗುತ್ತಾರೆ. ನಿಧಿಯೇನೋ ಅಲ್ಲಿತ್ತು, ಆದರೆ ಅದು ಚಿನ್ನವಲ್ಲ. ಯಾವುದರ ಪಕ್ಕದಲ್ಲಿ ಯಾವುದು ಇತ್ತು ಎಂಬ ಮಾಹಿತಿಯೇ ಆ ನಿಧಿ. ಒಂದು ರಾತ್ರಿಯಲ್ಲಿ ಅದು ಹಾಳಾಗುತ್ತದೆ. ಯಾವ ವಿಜ್ಞಾನಿಯೂ ಅದನ್ನು ಮತ್ತೆ ಜೋಡಿಸಲಾರ.

ಕಾನೂನು ಇಲ್ಲವೆಂದಲ್ಲ. 1958ರ ಕೇಂದ್ರದ ಕಾಯಿದೆ ಇದೆ. 1961ರ ಕರ್ನಾಟಕದ ಕಾಯಿದೆ ಇದೆ. ಆದರೆ ಸಂರಕ್ಷಿತವೆಂದು ಘೋಷಿಸಿದ ಸ್ಥಳಗಳಿಗೇ ಅವುಗಳ ಪೂರ್ಣ ರಕ್ಷಣೆ. ಬಿಡಿಬಿಡಿಯಾಗಿ ಹೊಲಗಳಲ್ಲಿ ಹರಡಿರುವ ಕಲ್ಲುವೃತ್ತಗಳಲ್ಲಿ ಬಹುಪಾಲು ಆ ಪಟ್ಟಿಯ ಹೊರಗಿವೆ. ಪಟ್ಟಿಗೆ ಸೇರಬೇಕಾದರೆ ಮೊದಲು ಅವು ಇವೆಯೆಂದು ತಿಳಿಯಬೇಕು. ತಿಳಿಸಬಲ್ಲವರು ಯಾರು? ಆ ಊರಿನಲ್ಲಿ ಹುಟ್ಟಿ ಬೆಳೆದವರು. ಎಂದರೆ ನೀವು.

ಆದ್ದರಿಂದ ನಿಮ್ಮಿಂದ ಆಗಬಹುದಾದ ಕೆಲಸವನ್ನು ಹೇಳಿ ಮುಗಿಸುತ್ತೇನೆ. ರಜೆಯಲ್ಲಿ ಊರಿಗೆ ಹೋದಾಗ, ಕುರಿ ಮೇಯಿಸುವವರನ್ನೂ ಹಿರಿಯ ರೈತರನ್ನೂ ಕೇಳಿ. ಅಜ್ಜ, ನಮ್ಮ ಊರ ಸುತ್ತ ದುಂಡಗೆ ಇಟ್ಟಿರುವ ಕಲ್ಲುಗಳು ಎಲ್ಲಿವೆ, ಅವಕ್ಕೆ ಏನೆಂದು ಕರೆಯುತ್ತೀರಿ ಎಂದು ವಿಚಾರಿಸಿ. ಅವರು ಹೇಳಿದ ಹೆಸರನ್ನು, ಕಥೆಯನ್ನು ಅವರ ಮಾತಿನಲ್ಲೇ ಬರೆದುಕೊಳ್ಳಿ. ಹೊಲದ ಯಜಮಾನರ ಒಪ್ಪಿಗೆ ಪಡೆದು, ಅಧ್ಯಾಪಕರನ್ನು ಜೊತೆಗೆ ಕರೆದುಕೊಂಡು ಸ್ಥಳಕ್ಕೆ ಹೋಗಿ. ಅಡ್ಡಳತೆಯನ್ನು ಹಗ್ಗದಿಂದ ಅಳೆಯಿರಿ. ಕಲ್ಲುಗಳನ್ನು ಎಣಿಸಿ. ದಿಕ್ಸೂಚಿಯಿಂದ ದಿಕ್ಕು ಗುರುತಿಸಿ. ಯಾವ ಬೆಟ್ಟ, ಯಾವ ಹಳ್ಳ, ಯಾವ ಕೆರೆ ಎಷ್ಟು ದೂರದಲ್ಲಿದೆಯೆಂದು ಕಾಗದದ ಮೇಲೆ ನಕ್ಷೆ ಬರೆಯಿರಿ. ಛಾಯಾಚಿತ್ರ ತೆಗೆಯಿರಿ. ಜಮೀನಿನ ಸರ್ವೆ ನಂಬರು ಬರೆದುಕೊಳ್ಳಿ. ಒಂದು ಕಲ್ಲನ್ನೂ ಕದಲಿಸಬೇಡಿ, ಒಂದು ಚೂರನ್ನೂ ಜೇಬಿಗೆ ಹಾಕಬೇಡಿ, ಒಂದು ಗೇಣನ್ನೂ ಅಗೆಯಬೇಡಿ. ಆ ಎಲ್ಲ ವಿವರವನ್ನು ಅಧ್ಯಾಪಕರ ಮೂಲಕ ಮೈಸೂರಿನಲ್ಲಿರುವ ರಾಜ್ಯದ ಪುರಾತತ್ವ ಇಲಾಖೆಗೆ ಕಳುಹಿಸಿಕೊಡಿ. ಅದರ ಒಂದು ಪ್ರತಿ ನಿಮ್ಮ ಶಾಲೆಯ ಅಥವಾ ಕಾಲೇಜಿನ ಗ್ರಂಥಾಲಯದಲ್ಲಿರಲಿ. ಮುಂದೆ ಆ ಕಲ್ಲುಗಳಿಗೆ ಏನಾದರೂ ಆದರೂ, ಅವು ಇಲ್ಲಿದ್ದವು ಎಂಬ ದಾಖಲೆ ಉಳಿಯುತ್ತದೆ.

ಹೊಲದ ಒಡೆಯರೊಡನೆ ಮಾತಾಡುವಾಗ ಉಪದೇಶ ಮಾಡಬೇಡಿ. ನಿಮ್ಮ ಹೊಲದ ಕಲ್ಲಿಗೆ ಹಳೇಬೀಡಿನ ದೇವಾಲಯಕ್ಕಿಂತ ಎರಡು ಪಟ್ಟು ವಯಸ್ಸಾಗಿರಬಹುದು ಎಂದು ತಿಳಿಸಿ ನೋಡಿ. ಬಹಳ ಜನ ಹೆಮ್ಮೆಪಡುತ್ತಾರೆ. ಹೆಮ್ಮೆಪಟ್ಟವರು ಕಲ್ಲನ್ನು ಬದುವಿಗೆ ಎಸೆಯುವುದಿಲ್ಲ. ನಮ್ಮ ಸಂವಿಧಾನದ 51ಎ ವಿಧಿಯು ನಮ್ಮ ಸಂಸ್ಕೃತಿಯ ಶ್ರೀಮಂತ ಪರಂಪರೆಯನ್ನು ಗೌರವಿಸಿ ಕಾಪಾಡುವುದು ಪ್ರತಿಯೊಬ್ಬ ನಾಗರಿಕನ ಕರ್ತವ್ಯವೆನ್ನುತ್ತದೆ. ಆ ಕರ್ತವ್ಯ ನೆರವೇರುವುದು ಇಂಥ ಸಣ್ಣ ಮಾತುಕತೆಗಳಿಂದಲೇ.

ದೇವಾಲಯ ಕಟ್ಟಿಸಿದವರ ಹೆಸರು ಶಾಸನದಲ್ಲಿದೆ. ಯುದ್ಧ ಗೆದ್ದವರ ಹೆಸರು ಇತಿಹಾಸದ ಪುಸ್ತಕದಲ್ಲಿದೆ. ಈ ನೆಲದಲ್ಲಿ ಕಬ್ಬಿಣದ ಕುಡುಗೋಲು ಹಿಡಿದು ಪೈರು ಕೊಯ್ದವರ ಹೆಸರು ಎಲ್ಲಿಯೂ ಇಲ್ಲ. ಅವರ ಪರವಾಗಿ ಉಳಿದಿರುವುದು ದುಂಡಗೆ ಕುಳಿತ ಕೆಲವು ಕಲ್ಲುಗಳು, ಆ ಕಲ್ಲುಗಳ ಸುತ್ತಲಿನ ಬೆಟ್ಟ, ಹೊಳೆ, ಹೊಲ. ಎರಡನ್ನೂ ಬೇರ್ಪಡಿಸದೆ ಉಳಿಸಿಕೊಂಡರೆ ಮಾತ್ರ ಆ ಪುಟವನ್ನು ನಮ್ಮ ನಂತರದವರು ನಮಗಿಂತ ಚೆನ್ನಾಗಿ ಓದಿಯಾರು.